ಕಿತ್ತಳೆ ಸಿಪ್ಪೆಯ ವಾಸನೆ

೯ ಜನವರಿ

ತಮ್ಮನಿಗೆ,

ಮೊನ್ನೆ ಫೋನಿನಲ್ಲಿ ನೀನು ಕೆಮ್ಮನ್ನು ನುಂಗಿದ್ದು ನನಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೀಯ. ಹತ್ತು ನಿಮಿಷದ ಮಾತಿನಲ್ಲಿ ಮೂರು ಸಲ "ಒಂದ್ನಿಮಿಷ ಅಕ್ಕ, ಯಾರೋ ಬಂದ್ರು" ಅಂತ ಎದ್ದು ಹೋದೆ. ಹತ್ತು ನಿಮಿಷದಲ್ಲಿ ಮೂರು ಸಲ ಮನೆಗೆ ಬಂದು ಹೋಗುವವರು ಯಾರಪ್ಪಾ? ಇನ್ನು ಮೇಲೆ ಫೋನು ಬೇಡ, ಕಾಗದ ಬರಿ. ಕಾಗದದಲ್ಲಿ ಸುಳ್ಳು ಬರೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ನಿನಗೇ ನಾಚಿಕೆಯಾದರೆ ಆಗಲಿ.

ಇಪ್ಪತ್ತೆಂಟು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಕಂಡವರ ಕಫವನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ನೋಡುವವಳು ನಾನು. ಆದ್ದರಿಂದ ಮರ್ಯಾದೆ ಬದಿಗಿಟ್ಟು ನೇರವಾಗಿ ಉತ್ತರ ಕೊಡು. ಕೆಮ್ಮು ಎಷ್ಟು ವಾರದಿಂದ? ಎರಡು ಮೂರು ವಾರ ದಾಟಿದರೆ ಅದನ್ನು ನೆಗಡಿಯ ಬಾಲ ಅನ್ನುವುದಕ್ಕಾಗುವುದಿಲ್ಲ. ಕಫ ಬೆಳಿಗ್ಗೆ ಜಾಸ್ತಿಯೋ, ಸಂಜೆಯೋ? ಬಣ್ಣ ಏನು? ರಕ್ತದ ಎಳೆ ಇದೆಯೇ? ಸಂಜೆ ಜ್ವರ ಬರುತ್ತದೆಯೇ? ಪ್ಯಾಂಟು ಸಡಿಲವಾಗಿದೆಯೇ? ಕೊನೆಯದು ಮುಖ್ಯವಾದದ್ದು: ಸೇದುತ್ತಿದ್ದೀಯಾ?

ಸಿಟ್ಟಾಗಬೇಡ. ಅಪ್ಪನ ಕೆಮ್ಮೂ ಹೀಗೇ ಶುರುವಾಗಿತ್ತು. ಅವರೂ ವರ್ಷಗಟ್ಟಲೆ ಆಣೆ ಹಾಕಿದರು. "ಬೀಡಿನೂ ಇಲ್ಲ, ಸಿಗರೇಟೂ ಇಲ್ಲ, ನಿನ್ನ ತಲೆ ಮುಟ್ಟಿ ಹೇಳ್ತೀನಿ" ಅಂತ ಅಮ್ಮನ ತಲೆ ಮುಟ್ಟಿದರು. ಕೊನೆಗೆ ಅವರ ಕ್ಲಾರಿನೆಟ್ ಪೆಟ್ಟಿಗೆಯೊಳಗೇ ಸಿಗರೇಟಿನ ತುಂಡು ಸಿಕ್ಕಿತು, ಒಪ್ಪಿಕೊಂಡರು. ಅದಾದ ಮೇಲೆ ಅಮ್ಮ ಅವರ ಹಾಸಿಗೆಯನ್ನು ಪಕ್ಕದ ಕೋಣೆಗೆ ಹಾಕಿದ್ದನ್ನು ನಾವಿಬ್ಬರೂ ನೋಡಿದ್ದೇವೆ. ಆರು ವರ್ಷ ಅಲ್ಲೇ ಕೆಮ್ಮಿ ಅಲ್ಲೇ ಹೋದರು. ಅಪ್ಪನ ಕ್ಲಾರಿನೆಟ್ ನಿನಗೆ ಬಂತು. ಅದರ ಜೊತೆ ಇನ್ನೇನು ಬಂದಿದೆ ಅಂತ ನನಗೆ ಅನುಮಾನ.

ಇದರ ಜೊತೆ ಎರಡು ಮುಚ್ಚಳದ ಡಬ್ಬಿ ಕಳಿಸಿದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ, ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತುಂಬಿಸು. ಎಂಜಲು ಬೇಡ. ನಿಮ್ಮೂರ ಆಸ್ಪತ್ರೆಗೇ ಕೊಡು, ವರದಿ ನನಗೆ ಕಳಿಸು.

ನಿನ್ನ ಅಕ್ಕ

—

೨೦ ಜನವರಿ

ಅಕ್ಕನಿಗೆ ನಮಸ್ಕಾರ,

ಪೊಲೀಸರೂ ಇಷ್ಟು ಪ್ರಶ್ನೆ ಕೇಳುವುದಿಲ್ಲ. ಆದರೂ ಬರೆದುಕೋ. ಹತ್ತು ವಾರವಾಯಿತು. ಬೆಳಿಗ್ಗೆ ಒಂದು ಚಮಚದಷ್ಟು ಕಫ, ಸಂಜೆ ಪ್ರಾಕ್ಟೀಸ್ ಮುಗಿಸಿ ಬಂದ ಮೇಲೆ ಇನ್ನಷ್ಟು. ಹೆಚ್ಚಾಗಿ ಬಿಳಿ, ಕೆಲವು ದಿನ ಹಳದಿ. ರಕ್ತ ಇಲ್ಲ. ಕೆಲವು ಸಂಜೆ ಮೈ ಬಿಸಿಯಾಗಿ ಚಳಿ ಹತ್ತುತ್ತದೆ, ಬೆಳಗಾಗುವಷ್ಟರಲ್ಲಿ ಏನೂ ಇರುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಬೆಲ್ಟಿಗೆ ಹೊಸದೊಂದು ತೂತು ಕೊರೆದಿದ್ದೇನೆ. ಸೇದುವುದಿಲ್ಲ, ಸೇದುವುದಿಲ್ಲ, ಸೇದುವುದಿಲ್ಲ. ಮೂರು ಸಲ ಬರೆದೆ, ನಿನಗೆ ಮೂರರ ಮೇಲೆ ನಂಬಿಕೆಯಲ್ಲವೇ.

ಡಬ್ಬಿ ಕೊಟ್ಟೆ. ಎರಡು ಸಲವೂ ಕ್ಷಯ ಇಲ್ಲ ಅಂದರು. ವರದಿ ಇದರೊಳಗಿದೆ. ಎದೆಯ ಫೋಟೋದಲ್ಲಿ ಸ್ವಲ್ಪ ಮಬ್ಬು ಇದೆಯಂತೆ. "ಹಳೇ ನೆಗಡಿ ಇರಬೇಕು, ನೋಡೋಣ" ಅಂದರು.

ನನ್ನ ತಲೆನೋವೇ ಬೇರೆ. ನಗರಸಭೆಯ ಬ್ಯಾಂಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಮೊದಲನೇ ಕ್ಲಾರಿನೆಟ್ ನಾನು. ಕಳೆದ ಭಾನುವಾರ ಪಾರ್ಕಿನಲ್ಲಿ, ಎಲ್ಲರೂ ನಿಲ್ಲಿಸಿ ನಾನೊಬ್ಬನೇ ಊದುವ ಜಾಗ ಬಂತು. ಸೂಜಿ ಬಿದ್ದರೂ ಕೇಳುವ ಮೌನ. ಆಗಲೇ ಕೆಮ್ಮು ಬಂತು. ಮುಂದಿನ ಸಾಲಿನ ಮಗುವೊಂದು ನಕ್ಕಿತು. ಬ್ಯಾಂಡ್ ಮಾಸ್ಟರು ಮಾರನೇ ದಿನ ಪ್ರಾಕ್ಟೀಸ್ ಹಾಲಿನ ಗೋಡೆಗೆ ನೋಟೀಸು ಅಂಟಿಸಿದರು. ಏಪ್ರಿಲ್ ಕೊನೆಯಲ್ಲಿ ಮೊದಲನೇ ಕುರ್ಚಿಗೆ ಮತ್ತೆ ಪರೀಕ್ಷೆ.

ಎರಡನೇ ಕುರ್ಚಿಯಲ್ಲಿ ಇರುವವನು ನನ್ನ ಭಾಮೈದ, ಹೆಂಡತಿಯ ತಮ್ಮ. ನಾವೆಲ್ಲ ಅವನನ್ನು ಮೀಸೆ ಅನ್ನುತ್ತೇವೆ. ದಿನಾ ನನ್ನ ಕೈಯಿಂದ ಕಿತ್ತಳೆ ತೊಳೆ ಇಸಿದುಕೊಂಡು ತಿನ್ನುತ್ತಾನೆ, ಈಗ ನನ್ನ ಕುರ್ಚಿಯ ಮೇಲೆ ಕಣ್ಣು. "ಭಾವಾ, ರೆಸ್ಟ್ ತಗೊಳ್ಳಿ" ಅನ್ನುತ್ತಾನೆ. ಅಷ್ಟು ಕಾಳಜಿ ಇದ್ದಕ್ಕಿದ್ದ ಹಾಗೆ ಎಲ್ಲಿಂದ ಬಂತು?

ಉತ್ತರವನ್ನು ಬ್ಯಾಂಡ್ ಹಾಲಿನ ವಿಳಾಸಕ್ಕೆ ಬರಿ. ಮನೆಯಲ್ಲಿ ನನ್ನ ಕಾಗದ ನನಗಿಂತ ಮೊದಲು ಓದುವವರಿದ್ದಾರೆ.

ತಮ್ಮ

—

೨ ಫೆಬ್ರವರಿ

ತಮ್ಮನಿಗೆ,

ವರದಿ ಓದಿದೆ. ಮೊದಲನೆಯದರ ಕೆಳಗೆ ಸಣ್ಣಕ್ಷರದಲ್ಲಿ "ಮಾದರಿಯಲ್ಲಿ ಎಂಜಲೇ ಹೆಚ್ಚು" ಅಂತ ಬರೆದಿದ್ದಾರೆ, ಅದನ್ನು ನೀನು ಓದಿಲ್ಲ. ಎರಡನೆಯದು ಗಾಜಿನಷ್ಟು ಶುದ್ಧ. ಹತ್ತು ವಾರ ಕೆಮ್ಮಿದವನ ಕಫ ಅಷ್ಟು ಶುದ್ಧವಾಗಿರುತ್ತದೆಯೇ? ನಿಜ ಹೇಳು, ಅದು ಯಾರದ್ದು? ನಮ್ಮಲ್ಲಿಗೆ ಒಬ್ಬ ಬಸ್ ಡ್ರೈವರು ಕೆಲಸ ಹೋಗುತ್ತದೆಂದು ಹೆದರಿ ತನ್ನ ಅತ್ತೆಯ ಕಫ ತಂದು ಕೊಟ್ಟಿದ್ದ. ಅತ್ತೆಗೆ ಕ್ಷಯ ಇತ್ತು! ಇಬ್ಬರಿಗೂ ಚಿಕಿತ್ಸೆಯಾಯಿತು, ಅದು ಬೇರೆ ಮಾತು.

ಬಣ್ಣ ನೋಡಿ ರೋಗ ಹೇಳುವುದಕ್ಕಾಗುವುದಿಲ್ಲ, ಹಳದಿ ಅಂದ ಕೂಡಲೇ ಮಾತ್ರೆ ನುಂಗಬೇಡ. ಕ್ಷಯ ಅಲ್ಲ ಅಂದರೆ ಏನೂ ಅಲ್ಲ ಅಂತಲೂ ಅಲ್ಲ. ಸಂಜೆ ಬಂದು ಬೆಳಿಗ್ಗೆ ಹೋಗುವ ಆ ಜ್ವರ ನನಗೆ ಹಿಡಿಸುತ್ತಿಲ್ಲ.

ಒಂದು ವಾರ ರಜೆ ಹಾಕಿ ಇಲ್ಲಿಗೆ ಬಾ. ನಾನೇ ತಲೆಯ ಹತ್ತಿರ ನಿಂತು ಡಬ್ಬಿ ತುಂಬಿಸುತ್ತೇನೆ. ಕ್ಲಾರಿನೆಟ್ ತರಬೇಡ. ಕೆಳಗಿನ ಮನೆಯ ನರ್ಸಮ್ಮ ಹಗಲು ಮಲಗುವವಳು, ಚಮಚ ಬಿದ್ದರೂ ಜಗಳಕ್ಕೆ ಮೇಲೆ ಬರುತ್ತಾಳೆ.

ನಿನ್ನ ಅಕ್ಕ

—

೧ ಮಾರ್ಚ್

ಅಕ್ಕನಿಗೆ,

ನಿನ್ನ ಮನೆಯಿಂದ ಹೊರಟಾಗ ಬಸ್ ನಿಲ್ದಾಣದಲ್ಲಿ ನೀನು ನನ್ನನ್ನು ನೋಡಿದ ನೋಟ ಇನ್ನೂ ಬೆನ್ನ ಮೇಲಿದೆ. ನಾಲ್ಕನೇ ದಿನಕ್ಕೆ ಕೆಮ್ಮು ನಿಂತುಹೋದರೆ ಅದಕ್ಕೆ ನಾನೇನು ಮಾಡಲಿ? ಡಬ್ಬಿ ಹಿಡಿದು ಬೆಳಿಗ್ಗೆ ಬೆಳಿಗ್ಗೆ ನೀನು ಬಾಗಿಲಲ್ಲಿ ನಿಂತಿರುತ್ತಿದ್ದೆ, ನನ್ನ ಎದೆಯಲ್ಲಿ ಕೊಡುವುದಕ್ಕೆ ಏನೂ ಇರಲಿಲ್ಲ. "ಪರೀಕ್ಷೆಗೆ ಹೆದರಿ ನಾಟಕ ಆಡ್ತಿದೀಯಾ?" ಅಂತ ನೀನು ಕೇಳಿಯೇ ಬಿಟ್ಟೆ. ಅಷ್ಟರಲ್ಲಿ ನನಗೇ ಅನುಮಾನ ಬಂದಿತ್ತು.

ಈಗ ಕೇಳು. ಊರಿಗೆ ಬಂದವನು ಕೈಕಾಲು ತೊಳೆದು ಊಟ ಮಾಡಿದೆ. ಎಂಟು ದಿನದ ಬಾಕಿ ಇತ್ತಲ್ಲ, ಎರಡು ಗಂಟೆ ಕೂತು ಊದಿದೆ. ಸಂಜೆಗೆ ಚಳಿ. ಮೂರನೇ ಬೆಳಿಗ್ಗೆ ಕೆಮ್ಮು, ಕಫ, ಮೊದಲಿಗಿಂತ ಜೋರು. ನಿನ್ನ ಮನೆಯಲ್ಲಿ ಇಲ್ಲದ್ದು ನನ್ನ ಮನೆಯಲ್ಲಿ ಏನಿದೆ? ಬಸ್ಸಿನಲ್ಲಿ, ಹಾಲಿನಲ್ಲಿ, ಹಾಸಿಗೆಯಲ್ಲಿ ಕೂತು ಇದನ್ನೇ ಯೋಚಿಸಿದೆ. ನಿನ್ನ ಮನೆಯಲ್ಲಿ ನೀನು ಅಡುಗೆ ಮಾಡಿದೆ. ಇಲ್ಲಿ ಅವಳು ಮಾಡುತ್ತಾಳೆ.

ನಗಬೇಡ. ಅವಳು ಮನೆಯಲ್ಲಿಲ್ಲದಾಗ ಅಡುಗೆಮನೆ ಹುಡುಕಿದೆ. ಹಿಟ್ಟಿನ ಡಬ್ಬದ ಹಿಂದೆ, ಬಟ್ಟೆಯಲ್ಲಿ ಸುತ್ತಿದ ಒಂದು ಕಂದು ಬಾಟಲಿ. ಚೀಟಿ ಕಿತ್ತುಹಾಕಿದ್ದಾಳೆ. ಅರ್ಧ ಖಾಲಿಯಾಗಿದೆ. ಮಾರನೇ ಬೆಳಿಗ್ಗೆ ಬಾಗಿಲ ಸಂದಿಯಿಂದ ನೋಡಿದೆ, ನನ್ನ ಟೀಗೆ ಅದರಿಂದ ಒಂದು ಚಮಚ ಹಾಕಿದಳು, ಕಲಕಿದಳು, ತಂದು ಕೊಟ್ಟಳು. ನಗುತ್ತಾ ಕೊಟ್ಟಳು ಅಕ್ಕ. ಅವಳ ತಮ್ಮನಿಗೆ ಮೊದಲನೇ ಕುರ್ಚಿ ಬೇಕು. ಎರಡೂ ಎರಡೂ ಕೂಡಿಸಿದರೆ ಎಷ್ಟು ಅಂತ ನನಗೂ ಗೊತ್ತು.

ಟೀಯನ್ನು ಸಿಂಕಿಗೆ ಸುರಿದೆ. ಬಾಟಲಿಯಿಂದ ಸ್ವಲ್ಪ ತೆಗೆದು ಕಳಿಸಿದ್ದೇನೆ. ಪರೀಕ್ಷೆ ಮಾಡಿ ಬೇಗ ತಿಳಿಸು.

ತಮ್ಮ

—

೯ ಮಾರ್ಚ್

ತಮ್ಮಾ,

ಪರೀಕ್ಷೆಗೆ ಯಂತ್ರ ಬೇಕಾಗಲಿಲ್ಲ, ಮುಚ್ಚಳ ತೆಗೆದ ಕೂಡಲೇ ಮೂಗಿಗೇ ಗೊತ್ತಾಯಿತು. ಆದರೂ ನಮ್ಮ ಔಷಧ ವಿಭಾಗದವರಿಗೆ ತೋರಿಸಿದೆ. ಕೆಮ್ಮಿನ ಔಷಧಿ. ಯಾವ ಅಂಗಡಿಯಲ್ಲಿ ಬೇಕಾದರೂ ಸಿಗುವ, ಮಕ್ಕಳಿಗೆ ಕೊಡುವ ಕೆಮ್ಮಿನ ಔಷಧಿ. ನೀನು ಚಿಕ್ಕಂದಿನಿಂದಲೂ ಔಷಧಿ ಕಂಡರೆ ಹಲ್ಲು ಕಚ್ಚಿಕೊಳ್ಳುವವನು. ಹೆಂಡತಿಗೆ ಇಷ್ಟು ವರ್ಷದಲ್ಲಿ ಅದು ಗೊತ್ತಾಗಿರುವುದಿಲ್ಲವೇ?

ಹೇಳದೆ ಕೊಟ್ಟದ್ದು ತಪ್ಪು, ಅದನ್ನು ನಾನು ಅವಳಿಗೆ ಹೇಳುತ್ತೇನೆ. ನೀನು ಮಾತ್ರ ಬಾಯಿ ಬಿಡಬೇಡ. ನಿನ್ನ ಮನಸ್ಸಿನಲ್ಲಿ ಬಂದದ್ದು ಅವಳಿಗೆ ಎಂದೂ ತಿಳಿಯಬಾರದು.

ಆದರೆ ನೀನು ಕೇಳಿದ ಪ್ರಶ್ನೆ ಸರಿಯಾಗಿದೆ. ನನ್ನ ಮನೆಯಲ್ಲಿ ಇಲ್ಲದ್ದು ಅಲ್ಲಿ ಏನಿದೆ? ಅದನ್ನು ಬಿಡಬೇಡ.

ಅಕ್ಕ

—

೧೪ ಮಾರ್ಚ್

ಅಕ್ಕ,

ನಿನ್ನ ಕಾಗದ ಬರುವ ಹಿಂದಿನ ದಿನ ಮಾತಾಡಿಬಿಟ್ಟಿದ್ದೆ. ಅವಳು ತನ್ನ ಅಕ್ಕನ ಮನೆಗೆ ಹೋಗಿದ್ದಾಳೆ. ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೇನೆ. ಹಾಲಿನಲ್ಲಿ ಮೀಸೆ ನನ್ನ ಪಕ್ಕದಲ್ಲೇ ಕೂರುತ್ತಾನೆ, ಮುಖ ಆ ಕಡೆ. ಕಿತ್ತಳೆಯೂ ತಿನ್ನುತ್ತಿಲ್ಲ. ಬೇರೇನೂ ವಿಶೇಷವಿಲ್ಲ.

ತಮ್ಮ

—

೩೦ ಮಾರ್ಚ್

ತಮ್ಮನಿಗೆ,

ಅವಳು ಹೋಗಿ ಹದಿನೇಳು ದಿನ ದಾಟಿತು. ಟೀ ನೀನೇ ಮಾಡುತ್ತೀಯ, ಊಟವೂ ನಿನ್ನದೇ ಕೈಯದು. ಕೆಮ್ಮು ಹೇಗಿದೆ ಅಂತ ಎರಡು ಕಾಗದದಲ್ಲಿ ಕೇಳಿದೆ, ಉತ್ತರವಿಲ್ಲ.

ನಿಂತಿದ್ದರೆ ನೀನು ಕುಣಿದುಕೊಂಡು ಬರೆಯುತ್ತಿದ್ದೆ. ನಿಂತಿಲ್ಲ. ಹಾಗಾದರೆ ಅವಳಲ್ಲ.

ಅಕ್ಕ

—

೨ ಏಪ್ರಿಲ್

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಔಷಧಿಯನ್ನು ಹೇಳದೆ ಬೆರೆಸಿದ್ದು ತಪ್ಪೇ. "ನನಗೇನೂ ಆಗಿಲ್ಲ" ಅನ್ನುವವರಿಗೆ ಇನ್ನು ಹೇಗೆ ಕೊಡಬೇಕಿತ್ತೋ ಗೊತ್ತಾಗಲಿಲ್ಲ. ಬಾಟಲಿಯ ಚೀಟಿ ಕಂಡರೆ ಕುಡಿಯುವುದಿಲ್ಲವೆಂದು ಕಿತ್ತಿದ್ದೆ.

ನಾನು ಮನೆ ಬಿಟ್ಟದ್ದು ಅನುಮಾನಪಟ್ಟರು ಅಂತಲ್ಲ ಅತ್ತಿಗೆ. ಗಂಡ ಹೆಂಡತಿ ಅಂದ ಮೇಲೆ ಒಂದಲ್ಲ ಒಂದು ಅನುಮಾನ ಇದ್ದೇ ಇರುತ್ತದೆ. ಊಟದ ತಟ್ಟೆಯನ್ನು ನನ್ನ ಮುಂದೆ ತಳ್ಳಿ, "ಮೊದಲು ನೀನು ತಿನ್ನು, ನೋಡೋಣ" ಅಂದರು. ನಾನು ತಿಂದೆ. ಪೂರ್ತಿ ತಟ್ಟೆ ತಿಂದೆ, ಅವರು ನೋಡುತ್ತಾ ಕೂತರು. ತಿಂದು, ಕೈ ತೊಳೆದು, ಬಟ್ಟೆ ಕಟ್ಟಿಕೊಂಡು ಹೊರಟೆ.

ನಿಮಗೆ ಒಂದು ಮಾತು ಹೇಳಬೇಕು. ನಾನೂ ಅವರ ಮೇಲೆ ಅನುಮಾನಪಟ್ಟಿದ್ದೆ. ಮದುವೆಯಾದಾಗಿನಿಂದಲೂ ಅವರ ಅಂಗಿಯಲ್ಲಿ, ಕೈಯಲ್ಲಿ ಕಿತ್ತಳೆಯ ವಾಸನೆ. ಎರಡು ವರ್ಷದಿಂದ ಅದು ತಾಜಾ ಹಣ್ಣಿನದ್ದಲ್ಲ, ಮುಗ್ಗಲು ಹಿಡಿದದ್ದು. ನಮ್ಮ ಮನೆಗೆ ಕಿತ್ತಳೆ ತರುವುದೇ ಇಲ್ಲ. ಕೆಮ್ಮು ಬೇರೆ. ಸಿಗರೇಟಿನ ವಾಸನೆ ಮುಚ್ಚುವುದಕ್ಕೆ ಸಿಪ್ಪೆ ಅಗಿಯುತ್ತಾರೆ ಅಂದುಕೊಂಡು ಜೇಬು ಹುಡುಕಿದೆ, ಏನೂ ಸಿಗಲಿಲ್ಲ. ಆ ಕ್ಲಾರಿನೆಟ್ ಪೆಟ್ಟಿಗೆಯೊಂದನ್ನು ಮಾತ್ರ ಮುಟ್ಟುವುದಕ್ಕೆ ಬಿಡುವುದಿಲ್ಲ. ಒಮ್ಮೆ ಧೂಳು ಒರೆಸುವಾಗ ಮುಚ್ಚಳ ತೆರೆದುಕೊಂಡಿತು, ನನಗೇ ಸೀನು ಬಂದು ಗಂಟಲು ಕೆರೆಯಿತು. "ಅದನ್ಯಾಕೆ ಮುಟ್ಟಿದೆ?" ಅಂತ ಮೂರು ದಿನ ಮಾತು ಬಿಟ್ಟಿದ್ದರು.

ಅವರನ್ನು ಎದೆಯ ಡಾಕ್ಟರಿಗೆ ತೋರಿಸಿ. ನಾನು ಬರೆದೆ ಅಂತ ಹೇಳಬೇಡಿ.

ನಿಮ್ಮ ನಾದಿನಿ

—

೬ ಏಪ್ರಿಲ್

ತಮ್ಮನಿಗೆ,

ನಾನು ಹೇಳಿದ್ದನ್ನು ಪ್ರಶ್ನೆ ಕೇಳದೆ ಮಾಡು. ಮೂಗು ಬಾಯಿಗೆ ದಪ್ಪ ಬಟ್ಟೆ ಕಟ್ಟಿಕೊಂಡು ಕ್ಲಾರಿನೆಟ್ ಪೆಟ್ಟಿಗೆಯನ್ನು ಮನೆಯ ಹೊರಗೆ, ಬಿಸಿಲಿಗೆ ಒಯ್ದು ತೆರೆ. ಒಳಗಿರುವ ಎಲ್ಲವನ್ನೂ ಒಂದೂ ಬಿಡದೆ ಬರೆದು ಕಳಿಸು. ವಾದ್ಯದ ಕೊಳವೆಯೊಳಗೆ ಸ್ವಚ್ಛ ಹತ್ತಿ ಬಟ್ಟೆ ತೂರಿಸಿ ಎಳೆದು, ಆ ಬಟ್ಟೆಯನ್ನು ಡಬ್ಬಿಗೆ ಹಾಕಿ ಕಳಿಸು. ಅದಾದ ಮೇಲೆ ಪೆಟ್ಟಿಗೆ ಮುಚ್ಚಿ ಹೊರಗೇ ಇಡು. ನಾನು ಹೇಳುವವರೆಗೆ ಊದಬೇಡ. ಒಂದು ದಿನವೂ ಬೇಡ.

ನೀನು ನನ್ನ ಮನೆಗೆ ತಾರದೆ ಬಿಟ್ಟುಬಂದದ್ದು ಹೆಂಡತಿಯನ್ನು ಮಾತ್ರವಲ್ಲ.

ಅಕ್ಕ

—

೧೩ ಏಪ್ರಿಲ್

ಅಕ್ಕ,

ಮೊದಲು ಹೆಂಡತಿ, ಈಗ ಅಪ್ಪನ ವಾದ್ಯ. ನನ್ನದು ಅಂತ ಇರುವ ಒಂದೊಂದನ್ನೇ ಕಟಕಟೆಗೆ ಹತ್ತಿಸುತ್ತಿದ್ದೇವೆ. ಪರೀಕ್ಷೆಗೆ ಎರಡು ವಾರ ಇದೆ, ನೀನು ಊದಬೇಡ ಅನ್ನುತ್ತೀಯ. ಮೀಸೆ ನಿನಗೂ ಕಾಗದ ಬರೆದಿದ್ದಾನೋ ಏನೋ.

ಆದರೂ ಮಾಡಿದೆ. ಬರೆದುಕೋ. ನಾಲ್ಕು ತುಂಡಿನ ಮರದ ಕ್ಲಾರಿನೆಟ್. ನೀಲಿ ಮಖಮಲ್ಲಿನ ಹಾಸು, ಅಪ್ಪನ ಕಾಲದ್ದೇ. ತುಟಿಗೆ ತಾಗುವ ಬಿದಿರಿನ ಪಟ್ಟಿಗಳಿಗೆ ಒಂದು ಪುಟ್ಟ ಖಾನೆ. ಒಂದು ಒದ್ದೆ ಬಟ್ಟೆಯ ಚೂರು. ಏಳು ಕಿತ್ತಳೆ ಸಿಪ್ಪೆ.

ಸಿಪ್ಪೆ ಯಾಕೆ ಅಂತ ನೀನು ಕೇಳುವ ಮೊದಲೇ ಹೇಳುತ್ತೇನೆ. ಅದು ಅಪ್ಪನ ವಿದ್ಯೆ. ಮರ ಒಣಗಿದರೆ ಸೀಳು ಬಿಡುತ್ತದೆ, ಸೀಳು ಬಿಟ್ಟ ಕ್ಲಾರಿನೆಟ್ ಸತ್ತ ಹಾಗೆ. ಆದ್ದರಿಂದ ಊದಿದ ಮೇಲೆ ಒಳಗನ್ನು ಒರೆಸಬಾರದು. ತೇವ ಇದ್ದ ಹಾಗೆಯೇ ಪೆಟ್ಟಿಗೆಗೆ ಹಾಕಿ, ಸಿಪ್ಪೆ ಇಟ್ಟು, ಬಿಗಿಯಾಗಿ ಮುಚ್ಚಬೇಕು. "ಒಳಗೆ ಕೈ ಹಾಕ್ಬೇಡ, ಅದರ ದನಿ ಇರೋದೇ ಅಲ್ಲಿ" ಅನ್ನುತ್ತಿದ್ದರು. ನಾನು ಒಂದು ದಿನವೂ ತಪ್ಪಿಸಿಲ್ಲ. ಸಿಪ್ಪೆ ಹಳತಾದರೆ ಮೇಲೆ ಹೊಸದು ಇಡುತ್ತೇನೆ. ಇಷ್ಟು ವರ್ಷವಾದರೂ ಮರದಲ್ಲಿ ಒಂದು ಕೂದಲೆಳೆಯಷ್ಟು ಸೀಳಿಲ್ಲ, ಗೊತ್ತಾ?

ಬಿಸಿಲಿನಲ್ಲಿ ನೋಡಿದಾಗ ಕೆಳಗಿನ ಸಿಪ್ಪೆಗಳು ಹಸಿರುಬೂದಿ ಬಣ್ಣಕ್ಕೆ ತಿರುಗಿದ್ದವು. ಎತ್ತಿದರೆ ಹೊಗೆಯ ಹಾಗೆ ಪುಡಿ ಎದ್ದಿತು. ಕೊಳವೆಯಲ್ಲಿ ಎಳೆದ ಬಟ್ಟೆ ಬಿಳಿಯಾಗಿ ಹೋಗಿ ಕಪ್ಪಾಗಿ ಬಂತು. ನಾನು ಅದನ್ನು ಬಾಯಲ್ಲಿಟ್ಟುಕೊಂಡು ದಿನಾ ನಾಲ್ಕು ಗಂಟೆ ಉಸಿರಾಡುತ್ತೇನೆ ಅನ್ನುವುದು ಆಗ ನೆನಪಾಯಿತು.

ಡಬ್ಬಿ ಕಳಿಸಿದ್ದೇನೆ.

ತಮ್ಮ

—

೨೪ ಏಪ್ರಿಲ್

ತಮ್ಮಾ,

ಬೂಷ್ಟು. ಗಾಜಿನ ಪಟ್ಟಿಯ ತುಂಬಾ ಬೂಷ್ಟು. ನಮ್ಮ ದೊಡ್ಡ ಡಾಕ್ಟರನ್ನೇ ಕರೆದು ತೋರಿಸಿದೆ. "ಯಾವ ಗೋಡೆಯಿಂದ ಕೆರೆದು ತಂದ್ರಿ?" ಅಂತ ಕೇಳಿದರು. ಗೋಡೆಯಲ್ಲ, ನನ್ನ ತಮ್ಮನ ಕ್ಲಾರಿನೆಟ್ ಅಂದೆ.

ನೀನು ಊದುವುದಕ್ಕೆ ಉಸಿರು ಎಳೆದುಕೊಂಡಾಗಲೆಲ್ಲ ಆ ಪುಡಿ ಎದೆಗೆ ಇಳಿದು, ಶ್ವಾಸಕೋಶ ಅದರ ಮೇಲೆ ಸಿಟ್ಟಾಗಿ ಬಾತುಕೊಳ್ಳುತ್ತಿರಬಹುದು ಅಂದರು. ಅದಕ್ಕೇ ಊದಿದ ಸಂಜೆ ಚಳಿ ಜ್ವರ, ಅದಕ್ಕೇ ನನ್ನ ಮನೆಯಲ್ಲಿ ನಾಲ್ಕೇ ದಿನಕ್ಕೆ ಕೆಮ್ಮು ಮಾಯ. ಇದೇ ಕಾರಣ ಅಂತ ನಿನ್ನನ್ನು ನೋಡದೆ ಹೇಳುವುದಿಲ್ಲ, ಸ್ಕ್ಯಾನು, ರಕ್ತ ಪರೀಕ್ಷೆ, ಉಸಿರಿನ ಪರೀಕ್ಷೆ ಆಗಬೇಕು ಅಂದರು. ಮುಂದಿನ ಮಂಗಳವಾರಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ತಡಮಾಡಿದರೆ ಶ್ವಾಸಕೋಶದಲ್ಲಿ ಗಾಯದ ಕಲೆ ಉಳಿಯುತ್ತದಂತೆ, ಅದು ಮತ್ತೆ ಹೋಗುವುದಿಲ್ಲವಂತೆ. ಕುರ್ಚಿಯ ಪರೀಕ್ಷೆ ಗಿರೀಕ್ಷೆ ಅಂತ ನೆಪ ಹೇಳಿದರೆ ನಾನೇ ಬಂದು ಕಿವಿ ಹಿಡಿದು ಕರೆದೊಯ್ಯುತ್ತೇನೆ.

ಇನ್ನು ಅಪ್ಪನ ವಿಷಯ.

ಡಾಕ್ಟರನ್ನು ಕೇಳಿದೆ. ಸತ್ತವರ ಎದೆಯಲ್ಲಿ ಏನಿತ್ತು ಅಂತ ಈಗ ಯಾರಿಗೆ ಹೇಳುವುದಕ್ಕಾಗುತ್ತದೆ ಅಂದರು. ಆದರೆ ಅದೇ ವಾದ್ಯ, ಅದೇ ಪೆಟ್ಟಿಗೆ, ಅದೇ ಸಿಪ್ಪೆ, ಅದೇ ಕೆಮ್ಮು. ಅಮ್ಮ ಅವರನ್ನು ಪಕ್ಕದ ಕೋಣೆಗೆ ಕಳಿಸಿದಾಗ ಅವರ ಜೊತೆಗೆ ಹೋದದ್ದು ಆ ಪೆಟ್ಟಿಗೆಯೊಂದೇ. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಹಗಲೆಲ್ಲಾ ಅದನ್ನೇ ಊದುತ್ತಿದ್ದರು. ಮಾತಾಡುವುದಕ್ಕೆ ಬೇರೆ ಯಾರಿದ್ದರು?

ನಿನಗೆ ಹೇಳದ ಒಂದು ಮಾತಿದೆ. ಅಪ್ಪನ ಅಂಗಿಯಲ್ಲಿ ಕಿತ್ತಳೆ ವಾಸನೆ ಬರುತ್ತಿತ್ತಲ್ಲ. "ಅದು ವಾದ್ಯಕ್ಕೆ ಕಣೇ" ಅಂತ ಅಪ್ಪ ಅಂದರೆ ಅಮ್ಮ "ವಾದ್ಯ ಕಿತ್ತಳೆ ತಿನ್ನುತ್ತಾ?" ಅಂತ ನಗುತ್ತಿದ್ದಳು. ಸಿಗರೇಟು ಮುಚ್ಚಲು ಸಿಪ್ಪೆ ಅಂತ ಅವಳ ತೀರ್ಮಾನ. ಅವಳಿಗೆ ನೆಗಡಿಯ ಮೂಗು, ಆದ್ದರಿಂದ ಮೂಸುವ ಕೆಲಸ ನನ್ನದು. ಅಪ್ಪ ಬಂದು ಅಂಗಿ ಕಳಚಿದ ಕೂಡಲೇ ಅದನ್ನು ಮೂಸಿ ಹೇಳಬೇಕು. ಅಪ್ಪನಿಗೆ ಗೊತ್ತಿತ್ತು. ಅಂಗಿಯನ್ನು ತಾವೇ ತಂದು ಕೈಗೆ ಕೊಟ್ಟು, "ಏನಂತಾರೆ ನಮ್ಮ ಮೂಗು ಇನ್ಸ್‌ಪೆಕ್ಟರು?" ಅನ್ನುತ್ತಿದ್ದರು. ನಾನು ಯಾವಾಗಲೂ "ಕಿತ್ತಳೆ" ಅನ್ನುತ್ತಿದ್ದೆ. ನಿಜವಾಗಿಯೂ ಅದೇ ಇತ್ತು.

ಒಂದು ದಿನ ಅಮ್ಮ "ನೀನೂ ಅವರ ಕಡೆನಾ?" ಅಂತ ಕೇಳಿದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅಂಗಿ ಮೂಸಿ, "ಹೊಗೆ ವಾಸನೆ" ಅಂದೆ. ಅಲ್ಲಿ ಹೊಗೆ ಇರಲಿಲ್ಲ ತಮ್ಮಾ. ನನಗೆ ಹದಿನಾರು ವರ್ಷ, ಅಷ್ಟು ಬುದ್ಧಿ ಇತ್ತು. ಆ ಮಾತು ಹಿಡಿದುಕೊಂಡೇ ಅಮ್ಮ ಮಾರನೇ ದಿನ ಪೆಟ್ಟಿಗೆ ತೆರೆದದ್ದು. ತುಂಡು ಸಿಕ್ಕಿತು, ಅಪ್ಪ ಒಪ್ಪಿಕೊಂಡರು. ಅಬ್ಬಾ, ನನ್ನ ಸುಳ್ಳು ನಿಜವಾಯಿತಲ್ಲ ಅಂತ ನಾನು ಉಸಿರು ಬಿಟ್ಟೆ. ಇಷ್ಟು ವರ್ಷ ಅದರ ಮೇಲೇ ಹಾಯಾಗಿ ಕೂತಿದ್ದೆ.

ಈಗ ನಿದ್ದೆ ಬರುತ್ತಿಲ್ಲ. ಅವರು ಸೇದುವವರಾಗಿದ್ದರೆ ಒಂದು ದಿನವಾದರೂ ನನ್ನ ಮೂಗಿಗೆ ಸಿಗಬೇಕಿತ್ತು. ಸೇದುವವರಲ್ಲದಿದ್ದರೆ ಯಾಕೆ ಒಪ್ಪಿಕೊಂಡರು? ತಲೆ ಮುಟ್ಟಿ ಆಣೆ ಹಾಕಿದ ಮನುಷ್ಯ, ಆ ಒಂದು ಸಂಜೆ ಯಾಕೆ "ಹೌದು" ಅಂದರು? ನೀನು ಅವರ ಜೊತೆ ಆ ಕೋಣೆಯಲ್ಲಿ ಕೂತು ಕಲಿತವನು. ನಿನಗೇನಾದರೂ ಹೇಳಿದ್ದರೆ ಬರಿ.

ಅಕ್ಕ

—

೨೦ ಮೇ

ಅಕ್ಕನಿಗೆ,

ನಿನ್ನ ಮನೆಯಲ್ಲಿ ಇದ್ದು, ಎಲ್ಲ ಪರೀಕ್ಷೆ ಮುಗಿಸಿ, ಡಾಕ್ಟರ ಮಾತು ಇಬ್ಬರೂ ಜೊತೆಗೇ ಕೇಳಿ ಬಂದೆ. ಆ ಐದು ದಿನದಲ್ಲಿ ನೀನು ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ನಾನೇ ಉತ್ತರವನ್ನು ಮೂರು ಸಲ ಬಾಯಿಯವರೆಗೆ ತಂದು ನುಂಗಿದೆ. ನಿನಗೆ ಗೊತ್ತಾಗಿರಬೇಕು, ಕೆಮ್ಮು ನುಂಗಿದ್ದೂ ನಿನಗೆ ಗೊತ್ತಾಗುತ್ತದಲ್ಲ. ಅದಕ್ಕೆ ಕಾಗದ.

ಮೊದಲು ಇಲ್ಲಿಯ ಸುದ್ದಿ. ಕೆಮ್ಮು ನಿಂತು ಹದಿನೇಳು ದಿನ. ಡಾಕ್ಟರು ಕೊಟ್ಟ ಮಾತ್ರೆಯನ್ನು ಹಲ್ಲು ಕಚ್ಚದೆ ನುಂಗುತ್ತಿದ್ದೇನೆ. ಕಲೆ ಸ್ವಲ್ಪ ಉಳಿಯುತ್ತದೆ ಅಂದರಲ್ಲ, ಮೆಟ್ಟಿಲು ಹತ್ತುವಾಗ ಅದು ಗೊತ್ತಾಗುತ್ತದೆ. ಮೊದಲನೇ ಕುರ್ಚಿ ಮೀಸೆಗೆ ಹೋಯಿತು. ಚೆನ್ನಾಗಿ ಊದುತ್ತಾನೆ, ಅದನ್ನು ಇಷ್ಟು ದಿನ ಕೇಳಿಸಿಕೊಂಡಿರಲಿಲ್ಲ. ಡಾಕ್ಟರು ಒಪ್ಪಿದ ಮೇಲೆ ಎರಡನೇ ಕುರ್ಚಿಗೆ ಬಾ ಅಂದಿದ್ದಾರೆ ಮಾಸ್ಟರು. ಹೊಸ ಪ್ಲಾಸ್ಟಿಕ್ ಕ್ಲಾರಿನೆಟ್, ಊದಿದ ಮೇಲೆ ಪ್ರತಿ ಸಲ ಒರೆಸಿ ಒಣಗಿಸುವ ಬಟ್ಟೆ, ಎರಡನ್ನೂ ತಂದುಕೊಟ್ಟವನು ಅವನೇ.

ಹೆಂಡತಿಯ ಅಕ್ಕನ ಮನೆಗೆ ಹೋದೆ. ಊಟಕ್ಕೆ ಕೂರಿಸಿದರು. ಹೆಂಡತಿ ನನ್ನ ತಟ್ಟೆಗೆ ಬಡಿಸಿ, ಮೊದಲ ತುತ್ತು ತಾನೇ ತೆಗೆದು ತಿಂದಳು, ಆಮೇಲೆ ತಟ್ಟೆ ನನ್ನ ಕಡೆ ತಳ್ಳಿದಳು. ಎಲ್ಲರ ಎದುರಿಗೆ. ತಲೆ ತಗ್ಗಿಸಿ ಊಟ ಮಾಡಿದೆ. ಅವಳು ಮನೆಗೆ ಬಂದಿದ್ದಾಳೆ. ಈಗಲೂ ದಿನಾ ಮೊದಲ ತುತ್ತು ತಾನೇ ತಿನ್ನುತ್ತಾಳೆ. ಬೇಡ ಅನ್ನುವ ಧೈರ್ಯ ನನಗಿಲ್ಲ. ನಿನಗೆ ಈಗ ಬರೆಯುವುದನ್ನು ಮೊದಲು ಅವಳಿಗೆ ಹೇಳಿದೆ. "ನಂಗ್ಯಾಕೆ ಹೇಳ್ತೀರಿ, ಅತ್ತಿಗೆಗೆ ಬರೀರಿ" ಅಂದಳು.

ಆ ತುಂಡು ನನ್ನದು ಅಕ್ಕ.

ನನಗೆ ಹನ್ನೆರಡು ವರ್ಷ. ಶಾಲೆಯ ಹಿಂದೆ ಯಾರೋ ಕೊಟ್ಟದ್ದನ್ನು ಅರ್ಧ ಸೇದಿ, ಆರಿಸಿ, ಉಳಿದದ್ದು ನಾಳೆಗಿರಲಿ ಅಂತ ಮನೆಗೆ ತಂದಿದ್ದೆ. ಅಮ್ಮನ ಹೆಜ್ಜೆ ಸದ್ದು ಕೇಳಿತು. ಆ ಮನೆಯಲ್ಲಿ ಅಪ್ಪನನ್ನು ಬಿಟ್ಟು ಬೇರೆ ಯಾರೂ ಮುಟ್ಟದ ಜಾಗ ಒಂದೇ ಇತ್ತು. ಬಿದಿರಿನ ಪಟ್ಟಿ ಇಡುವ ಖಾನೆಗೆ ತುರುಕಿದೆ. ಮಾರನೇ ದಿನ ತೆಗೆದುಕೊಳ್ಳೋಣ ಅಂದುಕೊಂಡೆ. ಆದರೆ ಅದೇ ದಿನ ಅಮ್ಮ ಪೆಟ್ಟಿಗೆ ತೆರೆದಳು. ಯಾಕೆ ತೆರೆದಳು ಅಂತ ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ, ನಿನ್ನ ಕಾಗದದಿಂದ ಗೊತ್ತಾಯಿತು. ನೀನು ಹೊಗೆ ಅಂದೆ, ನಾನು ಹೊಗೆ ಇಟ್ಟೆ. ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಬ್ಬರೂ ಸೇರಿ ಮಾಡಿದ್ದೇವೆ.

ಅಪ್ಪ ಕೆಲಸದಿಂದ ಬಂದರು. ಅಮ್ಮ ಅಂಗೈ ತೆರೆದು ತೋರಿಸಿದಳು. ನೀನು ಒಳಗಿದ್ದೆ. ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಆ ತುಂಡನ್ನು ನೋಡಿದರು, ಅದು ಅವರಿಗೆ ಅರ್ಥವೇ ಆಗಲಿಲ್ಲ, ಮುಖದಲ್ಲಿ ಕಾಣುತ್ತಿತ್ತು. "ಇದು..." ಅಂತ ಶುರು ಮಾಡಿ ತಲೆ ಎತ್ತಿದರು. ನನ್ನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋಗಿದ್ದವು. ಅವರು ನನ್ನ ಕೈ ಹೋದ ಕಡೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿ, "ಹೌದು, ನಂದೇ" ಅಂದರು.

ಆರು ವರ್ಷ ದಿನಾ ಶಾಲೆ ಬಿಟ್ಟ ಮೇಲೆ ಆ ಕೋಣೆಗೆ ಕಲಿಯಲು ಹೋದೆ. ಇವತ್ತು ಹೇಳಬೇಕು, ಅಮ್ಮನಿಗೂ ಹೇಳಬೇಕು ಅಂದುಕೊಂಡೇ ಹೋಗುತ್ತಿದ್ದೆ. "ಅಪ್ಪಾ" ಅಂತ ಬಾಯಿ ತೆರೆದಾಗಲೆಲ್ಲ ಅವರು ಕೆಮ್ಮುತ್ತಾ ಪೆಟ್ಟಿಗೆ ತೆರೆದು, ಕ್ಲಾರಿನೆಟ್ ಜೋಡಿಸಿ ನನ್ನ ಬಾಯಿಗೇ ಕೊಡುತ್ತಿದ್ದರು.

"ಊದು" ಅನ್ನುತ್ತಿದ್ದರು. ನಾನು ಊದುತ್ತಿದ್ದೆ.

ನಿನ್ನ ತಮ್ಮ